ಚರಕ, ಬೇಸಿನ್ ಮತ್ತು ಸುಹಾನಾಳ ಕೈ

ಸುಮ್ಮನಿರುವುದು ಎಂದರೇನೆಂದು ಸುಹಾನಾಳ ಕೈಗೆ ಗೊತ್ತಿಲ್ಲ. ಊಟಕ್ಕೆ ಕೂತರೆ ತಟ್ಟೆಯನ್ನು ಒಮ್ಮೆ ಇತ್ತ, ಒಮ್ಮೆ ಅತ್ತ ಸರಿಸುತ್ತಾಳೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಗಾಜನ್ನು ತೆರೆದು ಮುಚ್ಚಿ, ಮುಚ್ಚಿ ತೆರೆದು ಹಿಂದಿನ ಸೀಟಿನವರಿಂದ ಬೈಸಿಕೊಳ್ಳುತ್ತಾಳೆ. ಹಬ್ಬಕ್ಕೆ ಹಚ್ಚಿದ ಮೆಹಂದಿ ಒಣಗುವ ತನಕ ಕೂರಲಾರದೆ ಎರಡೂ ಅಂಗೈಗೆ ಬಳಿದುಕೊಂಡ ಹುಡುಗಿ ರಾಮನಗರದ ಆ ಬೀದಿಯಲ್ಲಿ ಇವಳೊಬ್ಬಳೇ. "ನಿನ್ನ ಕೈಗೆ ಹಗ್ಗ ಕಟ್ಟಿ ಮಲಗಿಸ್ಬೇಕು ಬೇಟಾ" ಎಂದು ತಾಯಿ ಮುನವ್ವರಾ ನಗುತ್ತಿದ್ದಳು. ನಗುತ್ತಿದ್ದಳಾದರೂ, ಮಗಳ ಕೈ ಹಾಗಾದದ್ದು ಎಲ್ಲಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶರೀಫ್ ಸಾಬರ ಫಿಲೇಚರು ಎಂಬ ರೇಷ್ಮೆ ಕಾರ್ಖಾನೆಯಲ್ಲಿ ಮುನವ್ವರಾ ನೂಲು ಬಿಚ್ಚುವವಳು. ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ಬೆಂದ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ತೆಗೆದು, ಓಡುತ್ತಿರುವ ನೂಲಿಗೆ ಸೇರಿಸುತ್ತಾ ಹೋಗಬೇಕು. ಒಂದು ಗೂಡು ಮುಗಿಯುತ್ತಲೇ ಇನ್ನೊಂದರ ಎಳೆ. ಅಲ್ಲಿ ಗಂಟು ಹಾಕುವ ಮಾತೇ ಇಲ್ಲ. ತುದಿಯನ್ನು ಬೆರಳಿನಿಂದ ಚಿಮ್ಮಿ ನೂಲಿಗೆ ಮುಟ್ಟಿಸಿದರೆ ಸಾಕು, ರೇಷ್ಮೆಯ ಅಂಟೇ ಅದನ್ನು ಹಿಡಿದುಕೊಂಡು ಎಳೆದೊಯ್ಯುತ್ತದೆ. ಶಾಲೆಗೆ ರಜೆ ಬಂದಾಗಲೆಲ್ಲ ಸುಹಾನಾ ತಾಯಿಯ ಪಕ್ಕದ ತೊಟ್ಟಿಯಲ್ಲಿ ಕೂತು ಅದನ್ನೇ ಮಾಡಿ ಬೆಳೆದವಳು. ಮುಟ್ಟಿಸು, ಬಿಡು, ಮುಟ್ಟಿಸು, ಬಿಡು. ಅಂಥ ಕೈ ಮಡಿಲಲ್ಲಿ ತೆಪ್ಪಗೆ ಕೂತೀತು ಹೇಗೆ?

ಆ ತೊಟ್ಟಿಯಿಂದ ಎದ್ದವಳು ಓಡಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ. ಓಡಿದ್ದು ಎಂದೇ ಹೇಳಬೇಕು. ಬೆಂದ ಹುಳುವಿನ ವಾಸನೆ ತಲೆಗೂದಲಿನಿಂದ ಹೋಗಲೆಂದು ಉಜ್ಜಿ ಉಜ್ಜಿ ಮೀಯುತ್ತಿದ್ದಳು, ಅದೂ ಸಾಲದೆಂದು ಅತ್ತರು ಹಚ್ಚುತ್ತಿದ್ದಳು. ತಾಯಿಯ ಬೆರಳುಗಳನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ. ಯಾವಾಗಲೂ ಬಿಳಿಚಿಕೊಂಡು, ನೆರಿಗೆಗಟ್ಟಿ, ಉಗುರಿನ ಸುತ್ತ ಒಡೆದುಕೊಂಡಿರುತ್ತಿದ್ದ ಬೆರಳುಗಳು. ಇನ್ನು ಈ ನೀರಿಗೆ ಕೈ ಹಾಕುವುದಿಲ್ಲ ಎಂದು ಕಾಲೇಜು ಸೇರಿದ ದಿನ ಅವಳು ತನಗೆ ತಾನೇ ಆಣೆ ಇಟ್ಟುಕೊಂಡಿದ್ದಳು.

ಡಿಪ್ಲೊಮಾ ಮುಗಿಸಿ ಅವಳು ಕೆಲಸಕ್ಕೆ ಸೇರಿದ್ದು ರಾಮನಗರ ಜಿಲ್ಲೆಯಾದ ವರ್ಷ. ಜಿಲ್ಲಾ ಕಚೇರಿ ಎಲ್ಲಿ ಕಟ್ಟುತ್ತಾರೆಂದು ಊರಿನ ಅರ್ಧ ಜನ ಟೀ ಅಂಗಡಿಯಲ್ಲಿ ಜಗಳವಾಡುತ್ತಿದ್ದರೆ, ಉಳಿದರ್ಧ ಜನ ಬೆಳಗಾದರೆ ಬಿಡದಿಯ ಕಾರ್ಖಾನೆಗಳಿಗೆ ಬಸ್ಸು ಹಿಡಿಯುತ್ತಿದ್ದರು. ಸುಹಾನಾಳೂ ಹಿಡಿಯುತ್ತಿದ್ದಳು. ಅವಳ ಕಾರ್ಖಾನೆಯನ್ನು ಕಾರ್ಖಾನೆ ಎನ್ನುವುದು ದೊಡ್ಡ ಮಾತು. ಶೀಟು ಹೊದಿಸಿದ ಉದ್ದನೆಯ ಒಂದು ಕೋಣೆ. ಮುಂದಿನ ಭಾಗದಲ್ಲಿ ಹೆಂಗಸರು ಸಾಲಾಗಿ ಕೂತು ಹಸಿರು ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದರು. ಹಿಂದೆ ಗಾಜಿನ ಗೋಡೆಯ ಆಚೆ ಎರಡು ಕಂಪ್ಯೂಟರು, ಎರಡು ಕುರ್ಚಿ. ಅದಕ್ಕೆ ಡಿಸೈನ್ ರೂಮು ಎಂದು ಹೆಸರು. ಮಾಲೀಕ ನಾಗರಾಜು ಗುಡೇಮಾರನಹಳ್ಳಿಯ ರೈತರ ಮನೆಯವನು. ಬೇರೆಯವರು ಕೊಟ್ಟ ಬೋರ್ಡಿಗೆ ಬೆಸುಗೆ ಹಾಕುವ ಕೂಲಿ ಕೆಲಸ ಬಿಟ್ಟು, ತನ್ನದೇ ಬೋರ್ಡು ಮಾಡಿ ಮಾರಬೇಕೆಂಬ ಆಸೆ ಅವನಿಗೆ. ಆ ಆಸೆ ಕೂತಿದ್ದದ್ದು ಗಾಜಿನ ಗೋಡೆಯ ಹಿಂದಿನ ಆ ಎರಡು ಕುರ್ಚಿಗಳ ಮೇಲೆ.

ಒಂದರಲ್ಲಿ ಸುಹಾನಾ. ಇನ್ನೊಂದರಲ್ಲಿ ಕಲ್ಯದ ನರಸಯ್ಯ. ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು, ಸ್ವಯಂ ನಿವೃತ್ತಿ ತಗೊಂಡು ಬಂದವರು. ಕಂಪ್ಯೂಟರಿಲ್ಲದ ಕಾಲದಲ್ಲಿ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ ಬೋರ್ಡಿನ ದಾರಿ ಬರೆದವರು. ಮಾತಿನಲ್ಲಿ ಒಗ್ಗರಣೆ ಜಾಸ್ತಿ, ಮನಸ್ಸಿನಲ್ಲಿ ವಿಷವಿಲ್ಲ.

ಕೆಲಸವೇನೆಂದು ಹೇಳಿಬಿಡುತ್ತೇನೆ. ಯಾವುದೇ ಬೋರ್ಡು ತಯಾರಾಗುವ ಮೊದಲು ಅದರ ನಕ್ಷೆ ಬರೆಯಬೇಕು. ಯಾವ ಬಿಡಿಭಾಗದ ಯಾವ ಕಾಲಿಗೆ ಯಾವ ತಂತಿ ಸೇರಬೇಕೆಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವುದು. ಆ ಗೆರೆಗಳನ್ನು ನಂಬಿಯೇ ಮುಂದೆ ತಾಮ್ರದ ದಾರಿಗಳು ಬೀಳುತ್ತವೆ. ನಕ್ಷೆಯಲ್ಲಿ ಕೂಡದ್ದು ಬೋರ್ಡಿನಲ್ಲೂ ಕೂಡದು. ಇಷ್ಟು ತಿಳಿದರೆ ಸಾಕು, ಮಿಕ್ಕದ್ದನ್ನು ಸುಹಾನಾಳೇ ಕಲಿಸುತ್ತಾಳೆ.

ಆ ರೂಮಿನಲ್ಲಿ ಮೊದಲಿನಿಂದ ಇದ್ದದ್ದು ಒಂದು ಹಳೆಯ ಸಾಫ್ಟ್‌ವೇರು. ಹೊಸ ಕಂಪ್ಯೂಟರಿನಲ್ಲಿ ಅದು ಓಡಲೊಲ್ಲದು, ಗಿರಾಕಿಗಳು ಕೇಳುವ ಫೈಲು ಕೊಡಲೊಲ್ಲದು. ಹೊಸದೊಂದನ್ನು ತರಿಸಿದ ನಾಗರಾಜು ಸುಹಾನಾಳನ್ನು ಕರೆದು ಹೇಳಿದ: "ಎರಡರಾಗೂ ಬರ್ದು ನೋಡಮ್ಮ. ಯಾವುದು ವಾಸಿ ಅಂತ ನೀನೇ ಹೇಳ್ಬುಡು. ನೀ ಹೇಳಿದ್ದೇ ಇಟ್ಕಳಾವ."

ಹೆಸರಿಡದೆ ಅವಳಿಗೆ ಯಾವುದೂ ಸ್ವಂತವಾಗುವುದಿಲ್ಲ. ಹಳೆಯದಕ್ಕೆ 'ಚರಕ' ಎಂದಳು, ಹೊಸದಕ್ಕೆ 'ಬೇಸಿನ್' ಎಂದಳು. ಚರಕವೆಂದರೆ ಅವಳ ಅಜ್ಜಿ ನೂಲು ಬಿಚ್ಚುತ್ತಿದ್ದ, ಕೈಯಲ್ಲಿ ತಿರುಗಿಸುವ ಹಳೇ ಯಂತ್ರ: ಒರಟು, ಆದರೆ ಸಿಕ್ಕಿದ್ದನ್ನೆಲ್ಲ ಸುತ್ತಿಕೊಂಡು ಹೋಗುತ್ತದೆ. ಬೇಸಿನ್ ಎಂದರೆ ತಾಯಿ ಕೂರುವ ಈಗಿನ ತೊಟ್ಟಿ: ಅಚ್ಚುಕಟ್ಟು, ಆದರೆ ಎಲ್ಲಕ್ಕೂ ಒಂದು ಕ್ರಮ. ಸೈಬರ್ ಕೆಫೆಯಿಂದ ಮೂರನೆಯದನ್ನೂ ಪುಕ್ಕಟೆ ಇಳಿಸಿಕೊಂಡು ಬಂದಿದ್ದಳು. ಅದರಲ್ಲಿ ಚಿತ್ರ ಹಿಗ್ಗಿಸಲು ಹೋದರೆ ಬಾಣದ ಗುರುತು ತಾನಾಗಿ ಪರದೆಯ ನಡುಮಧ್ಯಕ್ಕೆ ನೆಗೆಯುತ್ತಿತ್ತು, ಉಳಿಸಲು ಹೋದರೆ ಕಂಪ್ಯೂಟರೇ ಮಲಗುತ್ತಿತ್ತು. ಎರಡು ಹುಳು ಒಂದೇ ಗೂಡು ಕಟ್ಟಿದಾಗ ಎಳೆ ಹೇಗೆ ಸಿಕ್ಕಾಗುತ್ತದೋ ಹಾಗೆ. ಅದಕ್ಕೆ 'ಡುಪಿಯಾನ್' ಎಂದು ಹೆಸರಿಟ್ಟು ಅಲ್ಲೇ ಕೈಬಿಟ್ಟಳು.

ಮಿಕ್ಕ ಎರಡರ ನಡುವೆ ಗಾಜಿನ ರೂಮಿನಲ್ಲಿ ದಿನಾ ಪಂಚಾಯಿತಿ.

"ನೋಡ್ರೀ ನರಸಯ್ಯನೋರೇ, ನಿಮ್ಮ ಚರಕಕ್ಕೆ ಮಾನ ಮರ್ಯಾದೆ ಇಲ್ಲ" ಎನ್ನುತ್ತಿದ್ದಳು ಸುಹಾನಾ. "ಒಂದು ಗೆರೆ ಮೇಲೆ ಇನ್ನೊಂದು ಹಾದು ಹೋದ್ರೆ ಸಾಕು, ತಾನೇ ಚುಕ್ಕಿ ಇಟ್ಟು ಇಬ್ರನ್ನೂ ಕೂಡಿಸ್ಬಿಡ್ತದೆ. ನಾನು ಕೇಳಿದ್ನಾ?"

"ಕೇಳ್ದೆ ಮಾಡೋನೇ ನೆಂಟ ಕಣಮ್ಮ" ಎನ್ನುತ್ತಿದ್ದರು ನರಸಯ್ಯ. "ನಿನ್ನ ಬೇಸಿನ್ನು ಐತಲ್ಲ, ಅದರಾಗೆ ಗೆರೆಗೆ ಗೆರೆ ಅಡ್ಡ ಬಂದ್ರೂ ಊರ ಸಾಲಗಾರರ ಥರ ಮೊಕ ನೋಡ್ದಂಗೆ ಹೊಂಟೋಯ್ತವೆ. ಚುಕ್ಕಿ ನಾವೇ ಇಡ್ಬೇಕು."

"ಚರಕದಲ್ಲಿ ತಪ್ಪು ಮಾಡಿದ್ರೆ ಒಂದೇ ಸಲ ಹಿಂದಕ್ಕೆ ಹೋಗ್ಬಹುದು. ಇದ್ರಲ್ಲಿ ಎಷ್ಟು ಸಲ ಬೇಕಾದ್ರೂ."

"ತಪ್ಪೇ ಮಾಡ್ದಿದ್ರೆ ಹಿಂದಕ್ಕೆ ಯಾಕೆ ಹೋಗ್ಬೇಕು? ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ. ಒಗಿ, ಒಗಿ."

ಅವಳಿಗೆ ನಗು ಬರುತ್ತಿತ್ತು, ರೇಗುತ್ತಲೂ ಇತ್ತು. ಎಷ್ಟು ಸಲ ಬೇಕಾದರೂ ಹಿಂದಕ್ಕೆ ಹೋಗುವುದೆಂದರೆ ಸುಮ್ಮನಿರದ ಕೈಗೆ ಸ್ವರ್ಗವಲ್ಲವೇ? ಬರೆದದ್ದನ್ನು ಸರಿಸಬಹುದು, ತಿರುಗಿಸಬಹುದು, ಮತ್ತೆ ಇದ್ದಲ್ಲಿಗೆ ತರಬಹುದು. ಆದರೆ ಬೇಸಿನ್‌ನಲ್ಲಿ ಒಂದು ವಿಚಿತ್ರವಿತ್ತು. ಬಿಡಿಭಾಗವನ್ನು ಸರಿಸಲು ಅದರಲ್ಲಿ ಎರಡು ಆಜ್ಞೆ. 'ಡ್ರ್ಯಾಗ್' ಎಂದರೆ ಅಂಟಿದ ಗೆರೆಗಳೂ ರಬ್ಬರಿನಂತೆ ಹಿಗ್ಗಿ ಜೊತೆಗೆ ಬರುತ್ತವೆ. 'ಮೂವ್' ಎಂದರೆ ಬಿಡಿಭಾಗ ಒಂದೇ ಹೋಗುತ್ತದೆ, ಗೆರೆಗಳು ಅಲ್ಲೇ ಬಾಯಿ ಬಿಟ್ಟುಕೊಂಡು ನಿಲ್ಲುತ್ತವೆ. ಚರಕದಲ್ಲಿ ಇದ್ದದ್ದು ಒಂದೇ ಆಜ್ಞೆ, ಗೆರೆ ಯಾವಾಗಲೂ ಜೊತೆಗೇ ಬರುತ್ತಿತ್ತು. ಈ ವ್ಯತ್ಯಾಸವನ್ನು ಸುಹಾನಾ ನಾಗರಾಜನಿಗೆ ಬಾಯಿಪಾಠ ಒಪ್ಪಿಸಿದಂತೆ ಒಪ್ಪಿಸಿದಳು. ತಲೆಗೆ ಹೋಗಿತ್ತು. ಕೈಗೆ ಹೋಗಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

"ಬೇಸಿನ್ನೇ ಇರ್ಲಿ ಸಾರ್" ಎಂದಳು ಕೊನೆಗೆ.

"ಆಯ್ತು" ಎಂದ ನಾಗರಾಜು. ನರಸಯ್ಯ ಮುಖ ಸಿಂಡರಿಸಿದರು.

ಅದರಲ್ಲಿ ಬರೆಯಬೇಕಾದ ಮೊದಲ ಬೋರ್ಡೇ ಶರೀಫ್ ಸಾಬರದ್ದು. ಅವರ ಫಿಲೇಚರಿನಲ್ಲಿ ತೊಟ್ಟಿಗಳ ನೀರನ್ನು ಬಾಯ್ಲರಿನ ಹಬೆಯಿಂದ ಕಾಯಿಸುತ್ತಿದ್ದರು. ಹಬೆಯ ನಲ್ಲಿಯನ್ನು ತಿರುಗಿಸುವುದು ಅಂದಾಜಿನ ಮೇಲೆ. ನೀರು ಆರಿದರೆ ಎಳೆ ಬಿಡುವುದಿಲ್ಲ, ಕಾದರೆ ಕೈ ಸುಡುತ್ತದೆ. ಶಾಖವನ್ನು ನೋಡಿಕೊಂಡು ಹಬೆಯ ವಾಲ್ವನ್ನು ತಾನೇ ತೆರೆದು ಮುಚ್ಚುವ ಬೋರ್ಡು ಮಾಡಿಕೊಡುತ್ತೇನೆಂದು ನಾಗರಾಜು ಮಾತು ಕೊಟ್ಟಿದ್ದ. ಬೋರ್ಡಿನಲ್ಲಿ ಎರಡು ಕಾವಲು. ಮೊದಲನೆಯದು ದಿನನಿತ್ಯದ್ದು, ನೀರನ್ನು ಹದವಾಗಿ ಇಡುವುದು. ಅದೇನಾದರೂ ಕೆಟ್ಟು ನೀರು ಕೈ ತಡೆಯದಷ್ಟು ಕಾದರೆ ಹಬೆಯನ್ನು ಪೂರಾ ನಿಲ್ಲಿಸಲು ಎರಡನೆಯ ಕಾವಲು. ಒಂದೊಂದಕ್ಕೂ ನೀರಿನಲ್ಲಿ ಅದ್ದುವ ಬೇರೆ ಬೇರೆ ಸೆನ್ಸರು. ಆ ಎರಡನೆಯದು ಗಿರಾಕಿ ಕೇಳಿದ್ದಲ್ಲ. ತಾಯಿಯ ಬೆರಳುಗಳು ಕಣ್ಣೆದುರು ಬಂದು ಸುಹಾನಾಳೇ ಸೇರಿಸಿದ್ದು.

ನಾಗರಾಜು ಇನ್ನೊಂದು ಮಾತನ್ನೂ ಹೇಳಿದ್ದ. "ಇದು ಗೆದ್ರೆ ಅವರ ತೊಟ್ಟಿಗೆಲ್ಲಾ ನಮ್ದೇ ಬೋರ್ಡು. ಕೆಟ್ರೆ ಡಿಸೈನ್ ರೂಮಿಗೆ ಬೀಗ ಹಾಕ್ಬುಡ್ತೀನಿ. ಮತ್ತೆ ಕೂಲಿ ಬೆಸುಗೆನೇ ಗತಿ. ಬೇಜಾರ್ ಮಾಡ್ಕಬ್ಯಾಡ, ಮೊದ್ಲೇ ಹೇಳಿವ್ನಿ." ಬೀಗ ಬಿದ್ದರೆ ನರಸಯ್ಯನವರಿಗೆ ಕಲ್ಯದಲ್ಲಿ ಹೊಲವಿದೆ. ಸುಹಾನಾಳಿಗೆ ಇರುವುದು ತಾಯಿಯ ಪಕ್ಕದ ತೊಟ್ಟಿ.

ಮೊದಲು ಚರಕದಲ್ಲಿ ಬರೆದು, ಕೈಯಲ್ಲೇ ವೈರು ಕಟ್ಟಿ ಒಂದು ಮಾದರಿ ಮಾಡಿ ನೋಡಿದ್ದ ನಕ್ಷೆಯನ್ನೇ ಅವಳು ಬೇಸಿನ್‌ನಲ್ಲಿ ಜೀವ ತೇಯ್ದು ಮತ್ತೆ ಬರೆದಳು. ಗೆರೆಗಳೆಲ್ಲ ಕೂಡಿವೆಯೇ ಎಂದು ಸಾಫ್ಟ್‌ವೇರೇ ನೋಡಿ ಹೇಳುವ ಪರೀಕ್ಷೆಯೊಂದಿತ್ತು. ಅದನ್ನೂ ಓಡಿಸಿದಳು, ಎಲ್ಲ ಸರಿಯೆಂದಿತು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎರಡನೆಯ ಸೆನ್ಸರು ಸಿಕ್ಕಿಸುವ ಪುಟ್ಟ ಕನೆಕ್ಟರು ಮಿಕ್ಕವುಗಳ ಸಾಲಿಗೆ ಒಂಚೂರು ಓರೆಯಾಗಿ ಕಂಡಿತು. ಕೈ ತಡೆಯಲಿಲ್ಲ. ಹಿಡಿದು ಆಚೆ ಸರಿಸಿದಳು, ಚೆನ್ನಾಗಿ ಕಾಣಲಿಲ್ಲ, ಮತ್ತೆ ಈಚೆ ತಂದಿಟ್ಟಳು. ಗೆರೆಗೆ ಮುಟ್ಟಿಸಿದಳು, ಬಿಟ್ಟಳು. ಈಗ ಅಂದವಾಗಿತ್ತು. ನರಸಯ್ಯನವರು ಕಾಗದದ ಮೇಲೆ ಮುದ್ರಿಸಿಕೊಂಡು ಬೆರಳಿಟ್ಟು ನೋಡಿ, "ಎಲ್ಲಾ ಕೂಡೈತೆ ತಾಯಿ, ಕಳಿಸು" ಎಂದರು. ಬೋರ್ಡು ಮಾಡುವವರಿಗೆ ಫೈಲು ಹೋಯಿತು.

ಅಂದಿನಿಂದ ಅವಳಿಗೆ ನೆಲೆ ನಿಲ್ಲದ ಚಡಪಡಿಕೆ. ಏನೋ ಒಂದನ್ನು ಮರೆತು ಮನೆ ಬಿಟ್ಟು ಬಂದಂತೆ. ಬಸ್ಸಿನಲ್ಲಿ ಕೂತರೆ ಒಲೆ ಆರಿಸಿದೆನಾ ಎನ್ನುವ ಹಾಗೆ ನಕ್ಷೆಯ ಒಂದೊಂದು ಮೂಲೆಯೂ ಕಣ್ಣೆದುರು ಬರುತ್ತಿತ್ತು. ಕೆಲಸಕ್ಕೆ ಹೋದೊಡನೆ ಫೈಲು ತೆರೆದು ನೋಡುತ್ತಿದ್ದಳು. ಗೆರೆ ಗೆರೆಗೆ ಮುಟ್ಟಿದೆ, ಕಾಲಿಗೆ ಗೆರೆ ಮುಟ್ಟಿದೆ. ಮುಚ್ಚುತ್ತಿದ್ದಳು. ಊಟ ಮಾಡಿ ಬಂದು ಮತ್ತೆ ತೆರೆಯುತ್ತಿದ್ದಳು. ಮನೆಯಲ್ಲಿ ಅಕ್ಕಿ ಆರಿಸಲು ಕೂತರೆ ಕಲ್ಲು ಮೊರದಲ್ಲೇ ಉಳಿದು ಅಕ್ಕಿ ನೆಲಕ್ಕೆ ಬೀಳುತ್ತಿತ್ತು.

"ಬಾಲ ಸುಟ್ಟ ಬೆಕ್ಕಿನ ಥರ ಯಾಕೆ ಓಡಾಡ್ತೀಯೆ?" ಎಂದಳು ಮುನವ್ವರಾ. ತಾಯಿ ಮಗಳ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಬೈಗುಳಕ್ಕೆ ಮಾತ್ರ ಯಾವಾಗಲೂ ಕನ್ನಡವೇ.

"ಏನಿಲ್ಲ ಅಮ್ಮೀ. ಬೋರ್ಡು ಬರ್ತದೆ ಗುರುವಾರ."

"ಬರ್ಲಿ. ಶರೀಫ್ ಭಾಯಿ ಹೇಳಿದ್ರು, ಮೊದ್ಲು ನನ್ನ ತೊಟ್ಟಿಗೇ ಹಾಕ್ತಾರಂತೆ. ನಿನ್ನ ಮಗಳ ಮೆಷೀನು, ನೀನೇ ಕೂರು ಅಂದ್ರು." ಮುನವ್ವರಾಳ ಮುಖ ಅರಳಿತ್ತು. ಸುಹಾನಾ ಆರಿಸಿದ್ದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡಳು.

ಬೋರ್ಡು ಬಂತು. ಬಿಡಿಭಾಗ ಹಾಕಿ, ಬೆಸೆದು, ಬಿಸಿನೀರಿನ ಲೋಟದಲ್ಲಿ ಸೆನ್ಸರು ಅದ್ದಿ ನೋಡಿದರು. ವಾಲ್ವು ತೆರೆಯಿತು, ಮುಚ್ಚಿತು. ಎರಡನೆಯ ಕಾವಲನ್ನೂ ನೋಡೋಣವೇ ಎಂದಳು ಸುಹಾನಾ. ನಾಗರಾಜು ಗಡಿಯಾರ ನೋಡಿಕೊಂಡ. "ಚರಕದಾಗೆ ಬರ್ದು ಕೈಯಾಗೆ ಕಟ್ಟಿದ್ವಲ್ಲ, ಅದರಾಗೆ ನೋಡಿದ್ವಲ್ಲ. ಅದೇ ನಕ್ಷೆ ತಾನೇ? ನಡೀರಿ, ನಡೀರಿ." ಅದೇ ನಕ್ಷೆಯೇ. ಅವಳಿಗೂ ಇಲ್ಲವೆನ್ನಲು ಕಾರಣ ಸಿಗಲಿಲ್ಲ.

ಫಿಲೇಚರಿನ ಬಾಗಿಲಲ್ಲೇ ಆ ವಾಸನೆ ಎದುರಾಯಿತು. ಒಳಗೆ ಹಬೆ, ರಾಟೆಗಳ ಗಿರ್ರೆನ್ನುವ ಸದ್ದು, ತೊಟ್ಟಿಗಳ ಮುಂದೆ ಹೆಂಗಸರು. ಎಷ್ಟು ದೂರ ಓಡಿದ್ದೆ, ಎಲ್ಲಿಗೆ ಬಂದು ನಿಂತೆ ಎನಿಸಿತು ಸುಹಾನಾಳಿಗೆ. ನರಸಯ್ಯನವರು ಚೀಲದಿಂದ ಸ್ಕ್ರೂಡ್ರೈವರು ತೆಗೆದು ಬೋರ್ಡಿನ ಡಬ್ಬಿಯನ್ನು ಕಂಬಕ್ಕೆ ಕೂರಿಸಿದರು. ಎರಡೂ ಸೆನ್ಸರುಗಳನ್ನು ಮುನವ್ವರಾಳ ತೊಟ್ಟಿಗೆ ಇಳಿಬಿಟ್ಟರು. ಸ್ವಿಚ್ಚು ಹಾಕಿದರು.

ಟಕ್ ಎಂದು ವಾಲ್ವು ತೆರೆದುಕೊಂಡಿತು, ಹಬೆ ಬುಸ್ಸೆಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಎಂದು ಮುಚ್ಚಿಕೊಂಡಿತು. ಮುನವ್ವರಾ ಕೈ ಅದ್ದಿ ನೋಡಿದಳು. "ಹದ ಅಂದ್ರೆ ಹದ" ಎಂದಳು. ಕೂತಳು, ಎಳೆ ಹಿಡಿದಳು, ರಾಟೆ ತಿರುಗಿತು. ಅಕ್ಕಪಕ್ಕದ ಹೆಂಗಸರು ಕತ್ತು ಚಾಚಿ ನೋಡಿದರು. ಶರೀಫ್ ಸಾಬರು ನಾಗರಾಜನ ಕೈ ಕುಲುಕಿದರು.

"ಬಹುತ್ ಅಚ್ಛಾ ನಾಗರಾಜಣ್ಣ. ಇದು ಇಲ್ಲೇ ಇರ್ಲಿ, ಇವತ್ತಿಂದ್ಲೇ ಇದ್ರಲ್ಲೇ ಕೆಲ್ಸ. ಮಿಕ್ಕ ತೊಟ್ಟಿಗೂ ಮಾಡ್ಕೊಡಿ."

ನಾಗರಾಜನ ಮುಖ ಹಬ್ಬದ ಮನೆಯಂತಾಯಿತು. "ಎಲ್ಲಾ ನಮ್ಮ ಸುಹಾನಾದೇ" ಎಂದ. ನರಸಯ್ಯನವರೂ ತಲೆದೂಗಿದರು. "ಗೆದ್ಬುಟ್ಟೆ ಕಣಮ್ಮ. ನಿನ್ನ ಬೇಸಿನ್ನೇ ವಾಸಿ, ಒಪ್ಕಂಡೆ."

ಗೆದ್ದವಳಿಗೆ ಖುಷಿಯಾಗಬೇಕಿತ್ತು. ಅವಳು ತಾಯಿಯ ಕೈ ನೋಡುತ್ತಾ ನಿಂತಿದ್ದಳು. ಒಂದು ಗೂಡು ಮುಗಿಯಿತು. ಮುನವ್ವರಾ ನೀರಿನಿಂದ ಇನ್ನೊಂದರ ಎಳೆ ಎತ್ತಿದಳು, ಬೆರಳಿನಿಂದ ಚಿಮ್ಮಿದಳು. ಎಳೆಯ ತುದಿ ನೂಲಿಗೆ ಮುಟ್ಟಿತು, ಅಂಟಿತು, ಹೋಯಿತು. ಸುಹಾನಾಳ ಬೆರಳೂ ಅವಳಿಗೆ ತಿಳಿಯದೆ ಗಾಳಿಯಲ್ಲಿ ಅದನ್ನೇ ಮಾಡಿತು. ಮುಟ್ಟಿಸು, ಬಿಡು.

ಆ ಕನೆಕ್ಟರು!

ಸರಿಸಿದ್ದು ಯಾವ ಆಜ್ಞೆಯಲ್ಲಿ? ಮೂವ್. ಗೆರೆಗಳು ಜೊತೆಗೆ ಬಂದಿರಲಿಲ್ಲ. ಹಿಂದಕ್ಕೆ ತಂದಿಟ್ಟಾಗ ಅದು ಅರ್ಧ ಹೆಜ್ಜೆ ಹೆಚ್ಚಾಗಿ ಈಚೆ ಬಂದು ಕೂತಿತ್ತು. ಗೆರೆಗಳ ತುದಿ ಕನೆಕ್ಟರಿನ ಕಾಲುಗಳ ಮೈ ಮೇಲೆ ಬಿದ್ದಿತ್ತು. ನೋಡಿದರೆ ಮುಟ್ಟಿದೆ. ಚರಕವಾಗಿದ್ದರೆ ಅಂಟಿಸಿಕೊಳ್ಳುತ್ತಿತ್ತು. ಬೇಸಿನ್ ಒಪ್ಪುವುದು ತುದಿಗೆ ತುದಿ ಸೇರಿದರೆ ಮಾತ್ರ. ಅಷ್ಟು ಸಲ ಫೈಲು ತೆರೆದು ನೋಡಿದ್ದು ನೂಲು ಬಿಚ್ಚುವವಳ ಕಣ್ಣು. ಮುಟ್ಟಿದ್ದನ್ನೆಲ್ಲ ಅದು ಕೂಡಿದ್ದೆಂದೇ ನೋಡಿತು. ಸರಿಸಿದ ಮೇಲೆ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿರಲಿಲ್ಲ. ಎಂದರೆ ಬೋರ್ಡಿನಲ್ಲಿ ಆ ಕನೆಕ್ಟರಿಗೆ ತಾಮ್ರದ ದಾರಿಯೇ ಇಲ್ಲ. ಎರಡನೆಯ ಕಾವಲು ಕುರುಡು.

ಮೊದಲನೆಯ ಕಾವಲು ಇಂದು ಕೆಲಸ ಮಾಡುತ್ತಿದೆ. ನಾಳೆಯೂ ಮಾಡೀತು. ಯಾವತ್ತೋ ಒಂದು ದಿನ ಸೆನ್ಸರು ನೀರಿನಿಂದ ಮೇಲೆ ಜಾರಿದರೆ ಹಬೆ ನಿಲ್ಲುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಬಸ್ಸಿನಲ್ಲಿ ಹೋಗುವಾಗ ನಾಗರಾಜನೊಬ್ಬನಿಗೇ ಹೇಳಿ, ನಾಳೆ ಏನೋ ನೆಪ ಮಾಡಿ ಬೋರ್ಡು ಬಿಚ್ಚಿಸಿಕೊಂಡು ಹೋಗಬಹುದು. ಯಾರಿಗೂ ಗೊತ್ತಾಗದು, ರೂಮಿಗೆ ಬೀಗ ಬೀಳದು. ಹೀಗೆ ಎಣಿಸುತ್ತಿರುವಾಗಲೇ ತಾಯಿ ಮೊಣಕೈ ತನಕ ತೋಳು ಮಡಿಸಿಕೊಂಡು ತೊಟ್ಟಿಗೆ ಬಾಗಿದಳು. ಸಂಜೆಯ ತನಕ ಇವಳು ಇಲ್ಲೇ ಕೂರುತ್ತಾಳೆ. ಮಗಳ ಮೆಷೀನೆಂದು ನೀರನ್ನು ಮುಟ್ಟಿ ನೋಡುವುದನ್ನೂ ಬಿಡುತ್ತಾಳೆ.

"ಅಮ್ಮೀ, ಕೈ ತೆಗೀರಿ" ಎಂದಳು ಸುಹಾನಾ.

"ಇರು ಬೇಟಾ, ಎಳೆ ತುಂಡಾಗ್ತದೆ."

ಸುಹಾನಾ ಹೋಗಿ ತಾಯಿಯ ಮಣಿಕಟ್ಟು ಹಿಡಿದು ನೀರಿನಿಂದ ಎಳೆದೇಬಿಟ್ಟಳು. ನೂಲು ಪಟ್ಟನೆ ತುಂಡಾಯಿತು. ರಾಟೆ ಬರಿದೇ ತಿರುಗಿತು. ಎಲ್ಲರೂ ಇವಳನ್ನೇ ನೋಡಿದರು.

"ಸಾರ್, ಎರಡನೇ ಕಾವಲು ಕೂಡಿಲ್ಲ. ನಂದೇ ತಪ್ಪು. ನೋಡಿ ಬೇಕಾದ್ರೆ."

ಮೊದಲನೆಯ ಸೆನ್ಸರನ್ನು ನೀರಿನಿಂದ ಎತ್ತಿ ಹೊರಗೆ ತೂಗುಬಿಟ್ಟಳು. ನೀರು ತಣ್ಣಗಿದೆಯೆಂದು ಬೋರ್ಡು ನಂಬಿತು, ಟಕ್ಕೆಂದು ಹಬೆ ಬಿಟ್ಟಿತು. ಈಗ ಎರಡನೆಯದು ತಡೆಯಬೇಕು. ತಡೆಯಲಿಲ್ಲ. ತೊಟ್ಟಿಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದವು, ಆಮೇಲೆ ದೊಡ್ಡ ಗುಳ್ಳೆ. ಗೂಡುಗಳು ಕುಣಿಯತೊಡಗಿದವು. ನರಸಯ್ಯನವರು ಓಡಿಹೋಗಿ ಸ್ವಿಚ್ಚು ತೆಗೆದರು.

ನಾಗರಾಜು ಹಲ್ಲು ಕಚ್ಚಿಕೊಂಡು ಅವಳ ಕಿವಿಯ ಹತ್ತಿರ ಬಂದ. "ಇದ್ನ ಇವರ ಮುಂದೆನೇ ಹೇಳ್ಬೇಕಾಗಿತ್ತಾ? ಆಚೆ ಕರ್ದು ಹೇಳಿದ್ರೆ ಏನಾಯ್ತಿತ್ತು?"

"ಅಮ್ಮಿ ಕೈ ಒಳಗಿತ್ತು ಸಾರ್" ಎಂದಳು ಸುಹಾನಾ.

ಶರೀಫ್ ಸಾಬರು ಕುದಿಯುವ ತೊಟ್ಟಿಯನ್ನು ನೋಡಿದರು, ಗಡ್ಡ ನೀವಿಕೊಂಡರು. "ಈಗ ಏನ್ಮಾಡ್ತೀರಿ?" ಎಂದರು ಯಾರನ್ನೂ ನೋಡದೆ.

ಸುಹಾನಾ ಡಬ್ಬಿ ಬಿಚ್ಚಿ ಬೋರ್ಡು ಹೊರತೆಗೆದಳು. ನರಸಯ್ಯನವರು ಕೇಳದೆಯೇ ಚೀಲದಿಂದ ಬೆಸುಗೆ ಕಡ್ಡಿ ತೆಗೆದು ಕಾಯಲಿಟ್ಟರು. ಕೆಂಪು ವೈರಿನ ಎರಡು ತುಂಡು ಕತ್ತರಿಸಿ ಕೊಟ್ಟರು. ಅವಳು ಕನೆಕ್ಟರಿನ ಕಾಲುಗಳಿಂದ ಅವು ಸೇರಬೇಕಾದಲ್ಲಿಗೆ ವೈರು ಹಾಯಿಸಿ ಬೆಸೆಯುತ್ತಿದ್ದರೆ, ಅವರು ಬೋರ್ಡನ್ನು ಅಲುಗಾಡದಂತೆ ಹಿಡಿದುಕೊಂಡಿದ್ದರು.

"ಚರಕದಾಗೆ ಬರ್ದಿದ್ರೆ ಇದು ಆಯ್ತಿರಲಿಲ್ಲ" ಎಂದರು ಮೆಲ್ಲಗೆ. ಚುಚ್ಚಲೆಂದು ಹೇಳಿದ್ದಲ್ಲ.

"ಆಗ್ತಿರಲಿಲ್ಲ" ಎಂದಳು. "ಆದ್ರೆ ಬೇಸಿನ್ನಿನದೇನೂ ತಪ್ಪಿಲ್ಲ ನರಸಯ್ಯನೋರೇ. ಕೈ ನಂದು."

"ಕಣ್ಣು ನಂದೂ ಇತ್ತು ಬುಡು" ಎಂದರು ನರಸಯ್ಯ.

ಹಸಿರು ಬೋರ್ಡಿನ ಮೇಲೆ ಕೆಂಪು ವೈರುಗಳೆರಡು ಎದ್ದು ಕಾಣುತ್ತಿದ್ದವು. ಡಬ್ಬಿ ತೆರೆದವರಿಗೆಲ್ಲ ಇ‌ನ್ನು ಅವು ಕಾಣುತ್ತವೆ. ಬೋರ್ಡು ಕಂಬಕ್ಕೆ ಹೋಯಿತು. ತೊಟ್ಟಿಯ ನೀರು ಚೆಲ್ಲಿ ಹೊಸ ನೀರು ತುಂಬಿದರು. ಇನ್ನೊಮ್ಮೆ ನೋಡಬೇಕು. ಆದರೆ ಆ ತೊಟ್ಟಿಯ ಹತ್ತಿರ ಬರಲು ಯಾವ ಹೆಂಗಸಿಗೂ ಮನಸ್ಸಿರಲಿಲ್ಲ, ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಬೋರ್ಡು ಸರಿಯಾದರೂ ಇವರು ಇದರ ಮುಂದೆ ಕೂರುವುದಿಲ್ಲವೆಂದು ಸುಹಾನಾಳಿಗೆ ಅರ್ಥವಾಯಿತು. ಮುನವ್ವರಾ ಮಾತ್ರ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನೀವಲ್ಲ ಅಮ್ಮೀ" ಎಂದಳು ಸುಹಾನಾ.

ತಾಯಿಯ ಮಣೆಯ ಮೇಲೆ ತಾನು ಕೂತಳು. ದುಪಟ್ಟಾ ಹಿಂದಕ್ಕೆ ಕಟ್ಟಿಕೊಂಡಳು, ತೋಳು ಮಡಿಸಿದಳು. ಮೊದಲ ಸೆನ್ಸರನ್ನು ಹೊರಗೆ ತೂಗುಬಿಟ್ಟು, ಎರಡನೆಯದನ್ನು ನೀರಿಗೆ ಬಿಟ್ಟು, ಅದರ ಪಕ್ಕದಲ್ಲೇ ತನ್ನ ಬಲಗೈಯನ್ನು ಇಳಿಬಿಟ್ಟಳು. "ಹಾಕ್ರಿ" ಎಂದಳು ನರಸಯ್ಯನವರಿಗೆ.

"ಬ್ಯಾಡ ಕಣಮ್ಮ" ಎಂದ ನಾಗರಾಜು. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ.

"ಹಾಕ್ರಿ."

ಟಕ್ ಎಂದಿತು. ಹಬೆ ಬಂತು. ನೀರು ಬೆಚ್ಚಗಾಯಿತು, ಹಳೆಯ ಪರಿಚಯದ ಬೆಚ್ಚಗೆ. ಆಮೇಲೆ ಬಿಸಿಯಾಯಿತು. ಬೆರಳ ಸಂದುಗಳಲ್ಲಿ ಮೊದಲು ಚುರುಗುಟ್ಟಿತು, ಆಮೇಲೆ ಉಗುರಿನ ಬುಡದಲ್ಲಿ. ಬಸ್ಸಿನ ಗಾಜನ್ನು ಬಿಡದ ಕೈ, ಮೆಹಂದಿ ಒಣಗಲು ಬಿಡದ ಕೈ, ಕೂಡಿದ್ದನ್ನು ಕೂಡಿದಂತಿರಲು ಬಿಡದ ಕೈ. ಅದು ಈಗ ತೊಟ್ಟಿಯಲ್ಲಿ ಅಲುಗದೆ ಇತ್ತು. ತೆಗೆದರೆ ಇವರು ಯಾರೂ ನಂಬುವುದಿಲ್ಲ. ಚರ್ಮ ಕೆಂಪಗಾಗುವುದು ನೀರಿನೊಳಗೇ ಕಾಣುತ್ತಿತ್ತು. ಮುನವ್ವರಾ ಮಗಳ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವಳ ಬೆರಳುಗಳು ಒದ್ದೆಯಾಗಿ, ಒರಟಾಗಿ, ಕುರ್ತಾದ ಬಟ್ಟೆಯ ಮೂಲಕವೂ ತಿಳಿಯುತ್ತಿದ್ದವು. ಇಷ್ಟು ವರ್ಷ ಈ ಬೆರಳು ಇದರಲ್ಲೇ ಇದ್ದವಲ್ಲ ಎನಿಸಿ ಸುಹಾನಾಳ ಕಣ್ಣು ತುಂಬಿತು. ಕೈ ತೆಗೆಯಲಿಲ್ಲ.

ಟಕ್.

ಹಬೆ ನಿಂತಿತು. ಆ ಉದ್ದನೆಯ ಶೆಡ್ಡಿನಲ್ಲಿ ಮಿಕ್ಕ ರಾಟೆಗಳ ಸದ್ದಷ್ಟೇ ಉಳಿಯಿತು. ಇನ್ನೂ ಅವಳು ಕೈ ತೆಗೆದಿರಲಿಲ್ಲ. ಮತ್ತೆ ತೆರೆದುಕೊಳ್ಳುತ್ತದೇನೋ ಎಂದು ಕಾಯುತ್ತಿದ್ದಳು. ತೆರೆದುಕೊಳ್ಳಲಿಲ್ಲ.

"ಮಿಕ್ಕ ಬೋರ್ಡಿಗೆ ವೈರು ಬ್ಯಾಡ, ನಕ್ಷೆನೇ ಸರಿ ಮಾಡ್ಕೊಡು. ನಾಳೆ ಒಸಿ ಬಿರ್ರನೆ ಬಾ" ಎಂದು ನಾಗರಾಜು ಗೋಡೆ ನೋಡಿಕೊಂಡು ಹೇಳಿದ. ಶರೀಫ್ ಸಾಬರು ಕೆಮ್ಮಿದರು, ಬೇಡವೆನ್ನಲಿಲ್ಲ.

ಮುನವ್ವರಾ ಬಗ್ಗಿ ಮಗಳ ಕೈಯನ್ನು ನೀರಿನಿಂದ ಎತ್ತಿದಳು. ಅಂಗೈ ತಿರುಗಿಸಿ ನೋಡಿದಳು. ಬೆರಳ ತುದಿಗಳು ಬಿಳಿಚಿ ನೆರಿಗೆಗಟ್ಟಿದ್ದವು. ತನ್ನ ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿದಳು, ಆ ಕೈಯನ್ನು ಮಗಳ ಮಡಿಲಲ್ಲೇ ಇಟ್ಟಳು. ಅದು ಅಲ್ಲೇ ಇತ್ತು.

"ಏಳು ಬೇಟಾ" ಎಂದಳು, "ನನ್ನ ಜಾಗ ಅದು."